ನಿಮ್ಮ ದ್ವೀಪ

ಎರಡನೆಯ ಕಾಯಿಯ ಅರ್ಧ ಹೋಳು ತುರಿಯುವುದು ಬಾಕಿ ಇರುವಾಗ ಒಲೆಯ ಪಕ್ಕದ ಹಲಗೆಯ ಮೇಲೆ ಫೋನು ಗುರ್ರೆಂದಿತು.

ನೆರೋಲಿ ಕೈ ನಿಲ್ಲಿಸಲಿಲ್ಲ. ತುರಿಮಣೆಯ ಹಲ್ಲಿಗೆ ಹೋಳನ್ನು ಇನ್ನಷ್ಟು ಒತ್ತಿ ತಿರುಗಿಸಿದಳು. ಒಂದೇ ಸಲ ಗುರ್ರೆಂದು ಸುಮ್ಮನಾಯಿತು. ಕರೆಯಲ್ಲ, ಸಂದೇಶ. ನೋಡದೆಯೂ ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು.

ಬರೆದೆಯಾ?

ಮೂರು ದಿನದಿಂದ ಓಬೆಡ್ ಇದೊಂದೇ ಮಾತು ಕಳಿಸುತ್ತಿದ್ದ. ಅವಳ ಗಂಡ ಒಂಬತ್ತು ತಿಂಗಳಿಂದ ಕ್ವೀನ್ಸ್‌ಲ್ಯಾಂಡಿನ ಟೊಮೆಟೊ ತೋಟದಲ್ಲಿದ್ದ. ವೀಸಾ ಇವತ್ತು ರಾತ್ರಿಗೆ ಮುಗಿಯುತ್ತದೆ. ಮಧ್ಯಾಹ್ನದ ವಿಮಾನಕ್ಕೆ ತೋಟದವರೇ ಟಿಕೆಟ್ ತೆಗೆದಿದ್ದಾರೆ. ಅವನು ಹತ್ತುವುದಿಲ್ಲ. ಇಲ್ಲಿ, ದ್ವೀಪದೇಶದ ರಾಜಧಾನಿ ವಿಲಾದಲ್ಲಿ, ಈ ಸಂಗತಿ ನೆರೋಲಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಲ್ಲೇ ಉಳಿಯಲು ಅರ್ಜಿ ಹಾಕುತ್ತಾನಂತೆ. ತೀರ್ಮಾನವಾಗುವವರೆಗೆ, ಅದು ಎರಡು ವರ್ಷವಾಗಲಿ ನಾಲ್ಕಾಗಲಿ, ಯಾರೂ ಹೊರಗೆ ಕಳಿಸುವುದಿಲ್ಲ ಎಂದು ಯಾರೋ ಹೇಳಿದ್ದಾರೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಊರಿಗೆ ನೀವು ಏಕೆ ಮರಳಲಾರಿರಿ? ಅದಕ್ಕೆ ಒಂದು ಪುಟದ ಉತ್ತರ ಬೇಕು. ಊರಿಗೆ ಬಂದರೆ ಅವನ ಜೀವಕ್ಕೆ ಅಪಾಯ ಎಂದು ಓದಿದವರು ನಂಬಬೇಕು. ಇವತ್ತು ರಾತ್ರಿಯೊಳಗೆ ಕಳಿಸಬೇಕು.

'ನೀನು ಕಾನೂನು ಓದಿದವಳು,' ಎಂದಿದ್ದ ಮೊದಲ ದಿನ. 'ದಿನಾ ಇದೇ ಕೆಲಸ ಮಾಡ್ತೀಯ. ಯಾರ್ ಯಾರಿಗೋ ಬರೀತೀಯ. ನನಗೆ ಒಂದು ಪುಟ ಆಗಲ್ವಾ?'

"ಅಮ್ಮಾ, ಪಪ್ಪನ ಚಪ್ಪಲಿ ತೊಳೆದಿಟ್ಟೆ."

ಎಲ್ಮಾ ಬಾಗಿಲಲ್ಲಿ ನಿಂತಿದ್ದಳು. ಎಂಟು ವರ್ಷ. ಎರಡು ಕೈಯಲ್ಲೂ ಒಂದೊಂದು ನೀಲಿ ಚಪ್ಪಲಿ, ಮೊಣಕೈವರೆಗೆ ಸೋಪಿನ ನೊರೆ.

"ಯಾತರಲ್ಲಿ ಉಜ್ಜಿದೆ?"

"ಹಲ್ಲುಜ್ಜೋ ಬ್ರಷ್ಷಲ್ಲಿ."

"ನಿನ್ನದರಲ್ಲಾ?"

"ಥೂ, ಇಲ್ಲ. ನಿನ್ನದರಲ್ಲಿ."

ಅವಳು ಚಪ್ಪಲಿಗಳನ್ನು ಹೊಸ್ತಿಲ ಹೊರಗೆ ಜೋಡಿಸಿಟ್ಟಳು. ಮುಂಭಾಗ ಒಳಗೆ ಮಾಡಿ. ಈಗಷ್ಟೇ ಯಾರೋ ಬಿಚ್ಚಿಟ್ಟು ಮನೆಯೊಳಗೆ ಬಂದಿರುವ ಹಾಗೆ.

ಇವತ್ತು ಹೇಳಿಬಿಡಬೇಕು ಎಂದು ನೆರೋಲಿ ಅಂದುಕೊಂಡಳು. ನಿನ್ನೆಯೂ ಹಾಗೇ ಅಂದುಕೊಂಡಿದ್ದಳು. ಮಗುವಿನ ಜಡೆ ಹೆಣೆಯುವಾಗ ಹೇಳಬಹುದಿತ್ತು; ಮುಖ ಆ ಕಡೆಗಿರುತ್ತದೆ. ಹೆಣೆದು ಮುಗಿದಿತ್ತು. ಗಂಟು ಹಾಕಿದ್ದಳು.

"ಅತ್ತಿಗೇ!" ಅಂಗಳದಿಂದ ಮೊರೀನ್ ಕೂಗಿದಳು. ಓಬೆಡ್‌ನ ತಂಗಿ, ಗೋಡೆಯಾಚೆಯ ತಗಡಿನ ಮನೆ ಅವಳದು. ತಲೆಯ ಮೇಲೆ ಅಗಲದ ಎಲೆಗಳ ಹೊರೆ ಹೊತ್ತು ಬಂದಳು. "ಇನ್ನೂ ಎರಡನೇ ಕಾಯಲ್ಲೇ ಇದೀಯಾ? ನಿನ್ನ ಗಂಡ ಬರೋ ಹೊತ್ತಿಗೆ ಹಾಲು ಹಿಂಡ್ತೀಯೋ, ಮತ್ತೆ ಹೊರಡೋ ಹೊತ್ತಿಗೋ?"

"ಆಯ್ತು, ಬಂದೆ."

"ಎಲೆಕಟ್ಟು ಬೇಯಿಸೋಕೆ ಕಲ್ಲು ಕಾಯೋಕೆ ಹಾಕಿದೀನಿ. ಗೆಣಸು ತುರಿದಾಯ್ತು. ಎರಡು ಕೋಳಿ ಕುಯ್ದೆ. ಆ ಕೆಂಪು ಹುಂಜ ಮಾತ್ರ ಬೇಲಿ ಹಾರಿ ಓಡಿಹೋಯ್ತು ನೋಡು."

"ಬುದ್ಧಿವಂತ," ಎಂದಳು ನೆರೋಲಿ.

ಮೊರೀನ್ ನಕ್ಕಳು. ಎಲ್ಮಾ ನಗಲಿಲ್ಲ.

ಈ ಸಲ ಫೋನು ಬಿಡದೆ ಹೊಡೆದುಕೊಂಡಿತು. ಮಿಸಿಸ್. ಅವಳ ನಿಜವಾದ ಹೆಸರನ್ನು ವಿಲಾದಲ್ಲಿ ಯಾರೂ ಬಳಸುತ್ತಿರಲಿಲ್ಲ; ಬಿಳಿ ಯಜಮಾನಿ, ಮಿಸಿಸ್.

"ನೆರೋಲಿ, ನಮ್ಮ ಗಿರಾಕಿ ಮಿಸ್ಟರ್ ಗುವಾನ್ ಇವತ್ತೇ ಬರ್ತಿದಾರೆ. ಸೋಮವಾರ ಬೆಳಿಗ್ಗೆ ಅಂದುಕೊಂಡಿದ್ದೆ. ನಾನು ಸ್ಯಾಂಟೋ ದ್ವೀಪದಲ್ಲಿದೀನಿ. ನೀನು ಹೋಗು."

"ಇವತ್ತು ಶನಿವಾರ, ಮಿಸಿಸ್."

"ಬ್ರಿಸ್ಬೇನ್ ವಿಮಾನ. ಹೇಗೂ ಗಂಡನ್ನ ಕರ್ಕೊಂಡು ಬರೋಕೆ ಹೋಗ್ತಿದೀಯಲ್ಲ?"

ಕೈಗೆ ಅಂಟಿದ ತುರಿಯನ್ನು ನೆರೋಲಿ ನೋಡಿದಳು. ಮೊರೀನ್ ಎಲೆಗಳನ್ನು ಒರೆಸುತ್ತಿದ್ದಳು. ಎಲ್ಮಾ ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

"ಹೌದು," ಎಂದಳು.

"ಒಳ್ಳೇದೇ ಆಯ್ತು. ಅವರ ಹೆಸರು ದಪ್ಪಗೆ ಬರೆದು ಹಿಡ್ಕೋ. ಮರೀಬೇಡ, ನಗ್ತಾ ಇರು."

ಹೋಳಿನಲ್ಲಿ ಬಿಳಿ ಇನ್ನೂ ಅಂಟಿತ್ತು. ಅದನ್ನು ಹಾಗೇ ಹಂದಿಯ ಬಕೆಟ್ಟಿಗೆ ಎಸೆದಳು.

*

ಮಿಸಿಸ್‌ಳ ಆಫೀಸು ಬಂದರಿನ ಎದುರು, ಐಸ್‌ಕ್ರೀಮ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನೆರೋಲಿಯ ಕೆಲಸ ಕರಪತ್ರ ಬರೆಯುವುದು, ಅರ್ಜಿ ತುಂಬುವುದು. ಸರ್ಕಾರಕ್ಕೆ ಕೊಡುಗೆ ಕೊಡುವ ಹೊರದೇಶದವರಿಗೆ ಪೌರತ್ವ, ಬಂಡವಾಳ ಹಾಕುವವರಿಗೆ ಒಂದು ದಾರಿ, ಪಿಂಚಣಿ ಬರುವವರಿಗೆ ದೀರ್ಘವಾಸದ ವೀಸಾ, ಮನೆ ಕೊಳ್ಳುವವರಿಗೆ ಇನ್ನೂ ದೀರ್ಘವಾದದ್ದು. ಇಲ್ಲಿ ಬೇಡವೆಂದವರಿಗೆ ಬೇರೆ ದೇಶಗಳದ್ದೂ ಇತ್ತು. ಹೋಟೆಲಿನ ತಿಂಡಿಪಟ್ಟಿಯ ಹಾಗೆ ಎರಡು ಪುಟ. ಮೇಲ್ಗಡೆ ಅವಳೇ ಬರೆದ ಸಾಲು: ನಿಮಗಾಗಿ ಎಲ್ಲೋ ಒಂದು ಬಾಗಿಲು ತೆರೆದೇ ಇದೆ.

ಆ ಎರಡು ಪುಟಗಳಲ್ಲಿ ಓಬೆಡ್‌ನನ್ನು ಎಲ್ಲಿ ಕೂರಿಸುವುದೆಂದು ಅವಳು ನೋಡಿದ್ದಳು. ಬಂಡವಾಳ: ಇಲ್ಲ. ಪಿಂಚಣಿ: ಇಲ್ಲ. ಜಮೀನು: ಪಾಮಾ ದ್ವೀಪದಲ್ಲಿ ತಾತನ ಕಾಲದ ಗೆಣಸಿನ ತೋಟ, ಅದನ್ನು ಮಾರುವಂತಿಲ್ಲ. ಉಳಿದದ್ದು ಅಪಾಯ. ಅದೂ ಇಲ್ಲ. ಬರೆಯಬೇಕು.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಎಲ್ಮಾ ಕಿಟಕಿಯ ಪಕ್ಕ ಕುಳಿತಳು. ಮಡಿಲಲ್ಲಿ ಶಾಲೆಯ ಒಂದು ಹಾಳೆ. ಸೋಮವಾರ ಕೊಡಬೇಕಾದದ್ದು. ಮೇಲೆ 'ನನ್ನ ದ್ವೀಪ' ಎಂದಿತ್ತು. ಕೆಳಗೆ ಚಿತ್ರಕ್ಕೆ ಜಾಗ, ಅದರ ಕೆಳಗೆ ಐದು ಗೆರೆ.

"ಚಿತ್ರ ಬರೆದ್ಯಾ?"

"ಪಪ್ಪ ಬಂದ ಮೇಲೆ. ಅವರು ದ್ವೀಪ ನೋಡಿದಾರೆ."

ಈ ದೇಶದಲ್ಲಿ ಪರಿಚಯವಾದ ಕೂಡಲೇ ಕೇಳುವುದು ಅದನ್ನೇ, ಯಾವ ದ್ವೀಪ? ವಿಲಾದಲ್ಲಿ ಹುಟ್ಟಿ ವಿಲಾದಲ್ಲೇ ಮುದುಕರಾದವರೂ ವಿಲಾ ಎನ್ನುವುದಿಲ್ಲ. ಅಪ್ಪನ ಅಪ್ಪ ದೋಣಿ ಹತ್ತಿದ ದ್ವೀಪದ ಹೆಸರು ಹೇಳುತ್ತಾರೆ. ಕೇರಿಗಳಿಗೂ ಆ ಹೆಸರುಗಳೇ. ಅವರಿದ್ದ ಕೇರಿಗೆ ಪಾಮಾ ಎಂದೇ ಹೆಸರು: ಸಮುದ್ರದ ಅಂಚು, ತಗಡಿನ ಮನೆಗಳು, ನಾಲ್ಕು ಮನೆಗೆ ಒಂದು ನಲ್ಲಿ. ನಿಜವಾದ ಪಾಮಾವನ್ನು ನೆರೋಲಿ ಒಂದೇ ಸಲ ನೋಡಿದ್ದಳು, ಆರು ವರ್ಷದವಳಿದ್ದಾಗ. ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ.

ಮಿಸಿಸ್‌ಗೂ ಈ ಪ್ರಶ್ನೆ ಇಷ್ಟವಾಗಿತ್ತು. ಗಿರಾಕಿಗಳಿಗೆ ಕಳಿಸುವ ಸ್ವಾಗತಪತ್ರದಲ್ಲಿ, ಹೂವಿನ ಅಂಚಿನ ನಡುವೆ, ಹೊಸ ಪೌರನ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದಳು: ನಿಮ್ಮ ದ್ವೀಪ. ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಬರಿಯ ಅಲಂಕಾರ. ಆದರೆ ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲ ದಿನ ಪರೀಕ್ಷೆಗೆಂದು ನೆರೋಲಿ ಪಾಮಾ ಎಂದು ತುಂಬಿದಳು. ಎರಡನೆಯವನಿಗೂ ಅದನ್ನೇ ತುಂಬಿದಳು. ಯಾರು ಓದುತ್ತಾರೆ? ಮುನ್ನೂರ ಹನ್ನೊಂದು ಜನ ಈಗ ಪಾಮಾದವರು. ಅವರಲ್ಲಿ ಒಬ್ಬರೂ ಈವರೆಗೆ ವಿಲಾದಲ್ಲೂ ಇಳಿದಿರಲಿಲ್ಲ.

"ಅಮ್ಮ, ನಾನು ಹಿಡ್ಕೊಳ್ಳಲಾ?" ನಿಲ್ದಾಣದ ಕಟಕಟೆಯ ಮುಂದೆ ಎಲ್ಮಾ ಕೇಳಿದಳು. "ನೀನು ಹಿಡ್ಕೊಂಡ್ರೆ ಪಪ್ಪನಿಗೆ ಮುಖ ಕಾಣಲ್ಲ."

ನೆರೋಲಿ ಹೆಸರು ಬರೆದ ರಟ್ಟನ್ನು ಕೊಟ್ಟಳು. ಎಲ್ಮಾ ಅದನ್ನು ಎದೆಗೆ ಹಿಡಿದು ತುದಿಗಾಲಲ್ಲಿ ನಿಂತಳು. ಅವಳ ಕಣ್ಣು ಬಾಗಿಲಲ್ಲಿ. ಎದೆಯ ಮೇಲೆ ದಪ್ಪ ಅಕ್ಷರಗಳಲ್ಲಿ: ಗುವಾನ್.

ಹೂವಿನ ಅಂಗಿ ತೊಟ್ಟ ನಾಲ್ವರು ಗಿಟಾರು ಮೀಟುತ್ತ, ಎಲ್ಲ ವಿಮಾನಕ್ಕೂ ಹಾಡುವ ಹಾಡನ್ನೇ ಹಾಡುತ್ತಿದ್ದರು. ಬಾಗಿಲು ತೆರೆಯಿತು. ಮೊದಲು ಪ್ರವಾಸಿಗಳು. ಆಮೇಲೆ ತೋಟದ ಗಂಡಸರು: ಅಗಲದ ಟೋಪಿ, ಸುಟ್ಟ ಮೂಗು, ತಳ್ಳುಗಾಡಿಯಲ್ಲಿ ಟಿವಿ ಡಬ್ಬ, ಮರ ಕೊಯ್ಯುವ ಗರಗಸ, ಸೈಕಲ್ಲು. ಹೆಂಗಸರು ಕಿರುಚಿದರು. ಯಾರೋ ಯಾರನ್ನೋ ಎತ್ತಿದರು. ಒಂದು ಮಗು ಅಪ್ಪನ ಗುರುತು ಸಿಗದೆ ಅತ್ತಿತು, ಎಲ್ಲರೂ ನಕ್ಕರು.

ಜೆಫ್ರಿ ಕಂಡ. ಓಬೆಡ್‌ನ ಜೊತೆಗೇ ಹೋದವನು, ಅದೇ ಕೇರಿಯವನು. ಅವನೂ ಕಂಡ, ಕಂಡು, ಗಾಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿದ. ಅತ್ತ ಗೋಡೆ ಇತ್ತು.

"ಏನಪ್ಪಾ ಜೆಫ್ರಿ."

"ಓ, ಅಕ್ಕಾ." ಅವನು ಎಲ್ಮಾಳನ್ನು ನೋಡಲಿಲ್ಲ, ರಟ್ಟನ್ನು ನೋಡಿದ. "ಯಾರು ಇದು, ಗುವಾನ್?"

"ನಮ್ಮ ಪಾಮಾದವರು."

"ಹ್ಹ." ನಗು ಅರ್ಧಕ್ಕೇ ನಿಂತಿತು. "ಓಬೆಡ್ ಅಣ್ಣ... ಸ್ವಲ್ಪ ಕೆಲಸ ಬಾಕಿ ಇತ್ತು ಅಂತ ಕಾಣುತ್ತೆ. ಮುಂದಿನ ವಿಮಾನಕ್ಕೆ ಇರಬೇಕು."

"ಇರಬೇಕು."

"ನಿನ್ನೆ ರಾತ್ರಿ ಮಲಗಿದ್ದ. ಬೆಳಿಗ್ಗೆ ಹಾಸಿಗೆ ಮಡಚಿತ್ತು." ಅವನು ದನಿ ತಗ್ಗಿಸಿದ. "ತೋಟದ ಯಜಮಾನ ಸಿಟ್ಟಾಗಿದಾನೆ, ಅಕ್ಕಾ. ಮುಂದಿನ ಸಲದಿಂದ ಪಾಮಾದವರೇ ಬೇಡ ಅಂದ."

ಅವನ ಹೆಂಡತಿ ಕೂಗಿದಳು. ಅವನು ಬಿಡುಗಡೆಯಾದವನ ಹಾಗೆ ಹೋದ.

ನೆರೋಲಿ ಕೆಳಗೆ ನೋಡಿದಳು. ಎಲ್ಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗು ಈಗ ಕೇಳುತ್ತದೆ ಎಂದುಕೊಂಡಳು. ಉತ್ತರವನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದಳು, ಮೊದಲ ಮಾತು ಮಾತ್ರ ಸಿಕ್ಕಿರಲಿಲ್ಲ. ಎಲ್ಮಾ ಕೇಳಲಿಲ್ಲ. ರಟ್ಟನ್ನು ಇನ್ನೂ ಸ್ವಲ್ಪ ಮೇಲಕ್ಕೆ, ಮುಖ ಮುಚ್ಚುವಷ್ಟು, ಎತ್ತಿ ಹಿಡಿದಳು.

ಎಲ್ಲರಿಗಿಂತ ಕೊನೆಗೆ ಒಬ್ಬ ಸಣ್ಣ ಮುದುಕ ಬಂದ. ಬೂದು ಬಣ್ಣದ ಕೋಟು, ಕೈಯಲ್ಲಿ ಒಂದೇ ಚೀಲ. ರಟ್ಟಿನ ಮುಂದೆ ನಿಂತು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿಕೊಂಡ. ಆಮೇಲೆ ಮಗುವಿಗೆ ತಲೆ ಬಾಗಿಸಿದ.

ನೆರೋಲಿ ನಕ್ಕಳು. ನಗುವುದು ಮರೆತಿರಲಿಲ್ಲ.

*

ಟ್ಯಾಕ್ಸಿಯಲ್ಲಿ ಅವನು ಚೀಲದಿಂದ ಮೊದಲು ತೆಗೆದದ್ದು ಒಂದು ಜಿಪ್ಪು. ಬಟ್ಟೆಗೆ ಹೊಲಿಯದ, ಕೆಂಪು ಬಣ್ಣದ ಬರಿಯ ಜಿಪ್ಪು. ಎಲ್ಮಾಳಿಗೆ ಕೊಟ್ಟ. ಅವನದು ಜಿಪ್ಪಿನ ಕಾರ್ಖಾನೆ ಎಂಬುದು ನೆರೋಲಿಗೆ ಅರ್ಜಿಯಿಂದ ಗೊತ್ತಿತ್ತು. ಎಪ್ಪತ್ತೊಂದು ವರ್ಷ, ಹೆಂಡತಿ ತೀರಿಕೊಂಡಿದ್ದಾಳೆ, ಮಗ ಇನ್ನೊಂದು ದೇಶದಲ್ಲಿ. ಪೌರತ್ವದ ಕಾರಣ ಎಂಬಲ್ಲಿ ಅವಳೇ ತುಂಬಿದ್ದಳು: ವ್ಯಾಪಾರ ವಿಸ್ತರಣೆ.

ಎರಡನೆಯದಾಗಿ ತೆಗೆದದ್ದು ಸ್ವಾಗತಪತ್ರ. ಪ್ಲಾಸ್ಟಿಕ್ಕಿನೊಳಗೆ ಜೋಪಾನವಾಗಿ ಇಟ್ಟಿದ್ದ.

"ಇದು," ಎಂದು ಬೆರಳಿಟ್ಟ. ಅವನ ಇಂಗ್ಲಿಷು ಒಂದೊಂದೇ ಮೆಟ್ಟಿಲು ಇಳಿಯುವ ಹಾಗಿತ್ತು. "ಪಾಮಾ. ಎಲ್ಲಿದೆ?"

"ಉತ್ತರಕ್ಕೆ. ದೂರ."

"ಇವತ್ತು ಹೋಗೋಣ್ವಾ?"

"ವಾರಕ್ಕೆ ಎರಡೇ ವಿಮಾನ, ಸರ್. ಇವತ್ತಿಲ್ಲ, ನಾಳೆಯೂ ಇಲ್ಲ."

"ಸೋಮವಾರ ಪೌರತ್ವದ ಪ್ರಮಾಣ. ಸೋಮವಾರ ಸಂಜೆ ನಾನು ವಾಪಸ್ಸು." ಅವನು ಯೋಚಿಸಿದ. "ದೋಣಿ?"

"ಒಂದು ರಾತ್ರಿ, ಒಂದು ಹಗಲು. ತುಂಬಾ ಅಲೆ."

ಅವನು ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಸವರಿದ.

"ನಮ್ಮಲ್ಲೂ ಇದೆ, ಈ ಸಾಲು. ಎಲ್ಲ ಅರ್ಜಿಯಲ್ಲಿ. ಅಪ್ಪನ ಅಪ್ಪನ ಊರು. ಅರವತ್ತು ವರ್ಷ ಬರೆದೆ. ಆ ಊರು ಇಲ್ಲ."

"ಇಲ್ಲ ಅಂದ್ರೆ?"

"ಅಣೆಕಟ್ಟು. ನಾನು ಹುಡುಗ ಆಗಿದ್ದಾಗ. ಈಗ ಮೇಲೆ ನೀರು. ದೋಣಿ ಇದೆ, ಮೇಲೆ ಹೋಗಬಹುದು. ಹೋಗಿದ್ದೆ. ಮೀನು ಹಿಡೀತಿದ್ರು." ಅವನು ಕಿಟಕಿಯಾಚೆ ನೋಡಿದ. "ನೀವು ಕಳಿಸಿದ್ದು ನೋಡಿದೆ. ಪಾಮಾ. ಫೋನಲ್ಲಿ ಚಿತ್ರ ಹುಡುಕಿದೆ. ಚಿಕ್ಕದು. ಆದರೆ ನೀರಿನ ಮೇಲಿದೆ."

ಅವನು ಮತ್ತೆ ಆ ಸಾಲಿನ ಮೇಲೆ ಬೆರಳಿಟ್ಟ.

"ಇದನ್ನ ಯಾರು ಆರಿಸಿದ್ರು? ಕಂಪ್ಯೂಟರಾ?"

"ಇಲ್ಲ, ಸರ್. ನಾವು ಒಬ್ಬೊಬ್ಬರ ವಿಷಯ ಯೋಚನೆ ಮಾಡಿ ಆರಿಸ್ತೀವಿ."

"ನನಗೂ ಹಾಗೇ ಅನ್ನಿಸಿತು," ಎಂದ ಅವನು.

ಹಿಂದಿನ ಸೀಟಿನಲ್ಲಿ ಎಲ್ಮಾ ಜಿಪ್ಪನ್ನು ಎಳೆದಳು, ತೆರೆದಳು. ಎಳೆದಳು, ತೆರೆದಳು. ಸರ್ರ್. ಸರ್ರ್.

ಕೈಚೀಲದೊಳಗೆ ಫೋನು ನಡುಗಿತು. ನೆರೋಲಿ ಬರೆಯಬೇಕಾದ ಪುಟವನ್ನು ಮನಸ್ಸಿನಲ್ಲೇ ಶುರು ಮಾಡಿದಳು. ನಾನು ಊರಿಗೆ ಮರಳಿದರೆ. ನಾನು ಊರಿಗೆ ಮರಳಿದರೆ, ನನ್ನ ತಂಗಿ ಎರಡು ಕೋಳಿ ಕುಯ್ದಿರುತ್ತಾಳೆ. ನಾನು ಊರಿಗೆ ಮರಳಿದರೆ, ನನ್ನ ಮಗಳು ನನ್ನ ಚಪ್ಪಲಿ ತೊಳೆದಿಟ್ಟಿರುತ್ತಾಳೆ. ಬಂಧಿಸುವವರು ಯಾರು? ಹೊಡೆಯುವವರು ಯಾರು? ಓಬೆಡ್ ಮಾತಾಡುವಾಗಲೂ ಅವನ ದನಿಯಲ್ಲಿ ಭಯ ಇದ್ದದ್ದು ನಿಜ. ಅದು ಯಾವುದರ ಭಯವೆಂದು ಅವಳು ಕೇಳಿರಲಿಲ್ಲ. ಬರೆಯುವವರು ಕೇಳುವುದಿಲ್ಲ. ತುಂಬುತ್ತಾರೆ.

ಹೋಟೆಲಿನ ತಿರುವು ಬಂತು. ಡ್ರೈವರು ವೇಗ ಕಡಿಮೆ ಮಾಡಿದ.

"ನೇರ ಹೋಗು," ಎಂದಳು ನೆರೋಲಿ. ಆಮೇಲೆ ಹಿಂದಕ್ಕೆ ತಿರುಗದೆಯೇ, "ಪಾಮಾ ನೋಡಬೇಕು ಅಂದ್ರಲ್ಲ, ಸರ್. ಇಲ್ಲೇ ಹತ್ತಿರ ಇದೆ. ಒಂದು ಭಾಗ."

ಜಿಪ್ಪಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

*

ಟ್ಯಾಕ್ಸಿ ಕೇರಿಯೊಳಗೆ ಬಂದಾಗ ಹತ್ತು ಹದಿನೈದು ಜನ ಅಂಗಳದಲ್ಲಿ ಸೇರಿದ್ದರು. ಮೊರೀನ್ ಹೊಸ ಅಂಗಿ ತೊಟ್ಟಿದ್ದಳು. ತೋಳಿನ ತುಂಬ ಲೇಸು. ಕಲ್ಲಿನ ರಾಶಿಯ ಕೆಳಗಿನಿಂದ ಬೆಂದ ಎಲೆಯ, ಕಾಯಿಹಾಲಿನ ವಾಸನೆ ಏಳುತ್ತಿತ್ತು. ಯಾರೋ ಸಿಳ್ಳೆ ಹಾಕಿದರು.

ಬಾಗಿಲು ತೆರೆದು ಬೂದು ಕೋಟಿನ ಮುದುಕ ಇಳಿದ.

ಸಿಳ್ಳೆ ನಿಂತಿತು.

"ಅಣ್ಣ ಎಲ್ಲಿ?" ಮೊರೀನ್ ಟ್ಯಾಕ್ಸಿಯೊಳಗೆ ಬಗ್ಗಿ ನೋಡಿದಳು. ಹಿಂದೆ ಹೋಗಿ ಡಿಕ್ಕಿಯನ್ನೂ ನೋಡಿದಳು. "ಅತ್ತಿಗೇ, ಅಣ್ಣ ಎಲ್ಲಿ?"

"ಮುಂದಿನ ವಿಮಾನಕ್ಕಂತೆ. ಜೆಫ್ರಿ ಹೇಳಿದ."

"ಯಾವ ಮುಂದಿನ ವಿಮಾನ? ಇವತ್ತಿಗೆ ವೀಸಾ ಮುಗೀತಲ್ಲ?"

"ಇವರು ಆಫೀಸಿನವರು. ಪಾಮಾ ನೋಡಬೇಕಂತೆ."

"ನಾನು ಅಣ್ಣನ್ನ ಕೇಳಿದೆ. ನೀನು ಯಾರನ್ನೋ ತಂದಿದೀಯ." ಮೊರೀನ್‌ಳ ದನಿ ಏರಿತು, ಆದರೆ ಬಂದವನು ಅವಳಿಗೆ ತಲೆ ಬಾಗಿಸಿದ್ದ. ಅಂಗಳಕ್ಕೆ ಬಂದವನನ್ನು ನಿಲ್ಲಿಸಿ ಬೈಯುವಂತಿರಲಿಲ್ಲ. ಅವಳು ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು, ಚಾಪೆ ಕೊಡವಿ ಹಾಸಿದಳು. ಓಬೆಡ್‌ಗೆಂದು ಬೆಳಿಗ್ಗೆ ಬಿಸಿಲಿಗೆ ಹಾಕಿದ್ದ ಚಾಪೆ.

ಮುದುಕ ಹೊಸಾಯಾ ಕೋಲೂರಿಕೊಂಡು ಹತ್ತಿರ ಬಂದ. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯ. ಕಣ್ಣು ಅರ್ಧ ಹೋಗಿತ್ತು.

"ಯಾವ ದ್ವೀಪದವನು?"

ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಗುವಾನ್‌ಗೆ ಅರ್ಥವಾಯಿತು. ಪ್ಲಾಸ್ಟಿಕ್ಕಿನ ಪತ್ರವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, "ಪಾಮಾ," ಎಂದ.

ಅಂಗಳ ನಕ್ಕಿತು. "ನೋಡ್ರಪ್ಪಾ, ನಮ್ಮವನೇ!" "ಮದುವೆಗೆ ಹೆಣ್ಣು ಕೊಡಬೇಕಾಗುತ್ತೆ ಈಗ!" "ಮೊರೀನ್, ನಿನ್ನ ಗಂಡ ಸತ್ತು ಎಷ್ಟು ವರ್ಷ ಆಯ್ತೇ?" "ನಿನ್ನ ನಾಲಿಗೆಗೆ ಕಲ್ಲು ಬಿಸಿ ಇದೆ, ಬಾ ಇಡ್ತೀನಿ," ಎಂದಳು ಮೊರೀನ್.

ಹೊಸಾಯಾ ನಗಲಿಲ್ಲ. "ಪಾಮಾದಲ್ಲಿ ಯಾವ ಹಳ್ಳಿ?"

ಗುವಾನ್ ನೆರೋಲಿಯನ್ನು ನೋಡಿದ.

"ಲಿರೋ," ಎಂದಳು ನೆರೋಲಿ. ಅವಳಿಗೆ ಗೊತ್ತಿದ್ದದ್ದು ಅದೊಂದೇ.

"ಲಿರೋದಲ್ಲಿ ಯಾರ ಮಗ?"

ಅವಳು ಅನುವಾದಿಸಿದಳು. ಗುವಾನ್ ನೆಟ್ಟಗೆ ಕುಳಿತು ತನ್ನ ತಂದೆಯ ಹೆಸರು ಹೇಳಿದ. ತಾತನ ಹೆಸರನ್ನೂ ಹೇಳಿದ. ಹೊಸಾಯಾ ತಲೆ ಓರೆ ಮಾಡಿ ಕೇಳಿಸಿಕೊಂಡ, ಮಂಜು ಕವಿದ ಕಣ್ಣನ್ನು ಮುಚ್ಚಿ ಹುಡುಕಿದ.

"ಅವರನ್ನ ನಾನು ಕಂಡಿಲ್ಲ," ಎಂದ ಕೊನೆಗೆ. "ದೊಡ್ಡ ದೋಣಿ ಮುಳುಗಿದಾಗ ಹೋದವರಿರಬೇಕು."

ನೆರೋಲಿ ಅದನ್ನೂ ದಾಟಿಸಿದಳು: "ಮುಳುಗಿ ಹೋದವರಾ ಅಂತ ಕೇಳ್ತಿದಾರೆ."

"ಹೌದು," ಎಂದ ಗುವಾನ್. "ಎಲ್ಲ ಮುಳುಗಿ."

ಹೊಸಾಯಾ ಅವನ ಮೊಣಕಾಲಿನ ಮೇಲೆ ಕೈಯಿಟ್ಟ. ಈಗ ಯಾರೂ ನಗುತ್ತಿರಲಿಲ್ಲ. ಎರಡೂ ಕಡೆಗೆ ದಾಟಿಸಿದ ನೆರೋಲಿಯೊಬ್ಬಳೇ ಹೊರಗಿದ್ದಳು.

ವಿಮಾನದ ಪ್ರಯಾಣದಿಂದ ಗುವಾನ್‌ನ ಕಾಲು ಊದಿತ್ತು. ಚಾಪೆಯ ಅಂಚಿನಲ್ಲಿ ಬಿಗಿಯಾದ ಕಪ್ಪು ಬೂಟು ಬಿಚ್ಚಿ ಪಾದ ತಿಕ್ಕಿಕೊಂಡ. ಎಲ್ಮಾ ಅದನ್ನು ನೋಡುತ್ತ ನಿಂತಿದ್ದಳು. ಮನೆಯ ಕಡೆಗೆ ನಡೆದಳು. ಹೊಸ್ತಿಲ ಬಳಿಯಿಂದ ನೀಲಿ ಚಪ್ಪಲಿಗಳನ್ನು ಎತ್ತಿಕೊಂಡು ಬಂದು ಅವನ ಮುಂದೆ ಜೋಡಿಸಿಟ್ಟಳು.

"ಎಲ್ಮಾ," ಎಂದಳು ನೆರೋಲಿ.

"ಒಣಗಿದೆ ಅಮ್ಮ," ಎಂದಳು ಎಲ್ಮಾ.

ಮೊರೀನ್ ಕಲ್ಲುಗಳನ್ನು ಸರಿಸಿ ಎಲೆಯ ಕಟ್ಟು ಬಿಚ್ಚಿದಳು. ಹಬೆ ಎದ್ದಿತು. ಎಲೆಯಲ್ಲಿ ಬೆಂದ ಗೆಣಸಿನ ಕಡುಬು, ಲಾಪ್‌ಲ್ಯಾಪಿನ ನಡುವಿನ ತುಂಡನ್ನು, ಕೋಳಿಯ ತೊಡೆ ಇದ್ದದ್ದನ್ನು, ಮೊದಲು ಅತಿಥಿಗೆ ಕೊಟ್ಟಳು. ಗುವಾನ್ ಕೈಯಲ್ಲೇ ತಿಂದ. ಬೆರಳು ಸುಟ್ಟುಕೊಂಡ. ಹೆಂಗಸರು ಊದಿ ಆರಿಸುವುದನ್ನು ತೋರಿಸಿಕೊಟ್ಟರು. ಅವನು ಊದಿದ.

ಬಾಳೆಯ ಗಿಡಗಳ ಹಿಂದೆ ಮೊರೀನ್ ನೆರೋಲಿಯ ತೋಳು ಹಿಡಿದಳು.

"ನಿಜ ಹೇಳು. ಅವನು ಬರಲ್ಲ ಅಲ್ವಾ?"

"ಉಪ್ಪು ಸರಿಯಾಗಿದೆ."

"ನಾನು ಉಪ್ಪು ಕೇಳಲಿಲ್ಲ ಕಣೇ."

"ಕಾಯಿಹಾಲು ಸ್ವಲ್ಪ ಕಡಿಮೆ ಆಯ್ತು. ಒಂದು ಹೋಳು ಹಾಗೇ ಬಿಟ್ಟೆ ಬೆಳಿಗ್ಗೆ."

ಮೊರೀನ್ ಅವಳನ್ನು ತುಂಬ ಹೊತ್ತು ನೋಡಿದಳು. "ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತುರೀತಾ ಕೂತಿದ್ದೆ." ತೋಳು ಬಿಟ್ಟಳು. "ಮಗೂಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಅದು ಕೇಳೋವರೆಗೂ ಹೇಳ್ಬೇಡ." ಅವಳು ಅಳುತ್ತಿರಲಿಲ್ಲ. ಲೇಸಿನ ತೋಳಿಗೆ ಮಸಿ ಹತ್ತಿತ್ತು. ಅದನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು.

*

ಸೂರ್ಯ ನೀರಿಗೆ ಹತ್ತಿರವಾದ. ಜನ ಚದುರಿದರು. ಟ್ಯಾಕ್ಸಿಯ ಡ್ರೈವರು ಉಳಿದ ಲಾಪ್‌ಲ್ಯಾಪ್ ತಿನ್ನುತ್ತ, ಹೊರಡುವ ಆತುರವಿಲ್ಲದೆ ಕುಳಿತಿದ್ದ.

ನೆರೋಲಿ ಹೊಸ್ತಿಲ ಮೇಲೆ ಕುಳಿತು ಫೋನು ತೆಗೆದಳು.

ಬರೆದೆಯಾ? ನಿಮ್ಮಲ್ಲಿ ಕತ್ತಲಾಗ್ತಿರಬೇಕು. ಇಲ್ಲಿ ಇನ್ನೊಂದು ಗಂಟೆ ಬೆಳಕಿದೆ.

ಅವನಿಗೆ ಒಂದು ಗಂಟೆ ಹೆಚ್ಚು. ಮೊದಮೊದಲು ಅದನ್ನು ತಮಾಷೆ ಮಾಡುತ್ತಿದ್ದರು: ನೀನು ನನಗಿಂತ ಒಂದು ಗಂಟೆ ಚಿಕ್ಕವನು ಎಂದು. ಬರೆಯದಿದ್ದರೂ ಅವನು ಬರುವುದಿಲ್ಲ. ಯಾರದೋ ಶೆಡ್ಡಿನಲ್ಲಿ ಅಡಗುತ್ತಾನೆ. ಬರೆದರೆ ಬೆಳಕಿನಲ್ಲಿ ಓಡಾಡಿಕೊಂಡಿರುತ್ತಾನೆ. ಬರೆದರೆ, ಅವನ ಮನೆ ಅವನಿಗೆ ಅಪಾಯವೆಂದು ಒಂದು ದೇಶದ ಕಡತದಲ್ಲಿ ಅವಳ ಮಾತಿನಲ್ಲಿ ಉಳಿಯುತ್ತದೆ. ಆಮೇಲೆ ಅವನೂ ಅದನ್ನು ಓದುತ್ತಾನೆ. ಅವಳು ಚೆನ್ನಾಗಿ ಬರೆಯುತ್ತಾಳೆ. ನಂಬಿಬಿಡುತ್ತಾನೆ.

ಅವನು ಕಳಿಸಿದ್ದ ಅರ್ಜಿಯನ್ನು ತೆರೆದಳು. ಹೆಸರು, ಅವನೇ ತುಂಬಿದ್ದ. ಹುಟ್ಟಿದ ದಿನ, ತುಂಬಿದ್ದ. ಸ್ವಂತ ಊರು, ಖಾಲಿ. ಅದನ್ನೂ ಅವಳಿಗೇ ಬಿಟ್ಟಿದ್ದ. ಗೆರೆ ಮಿನುಗುತ್ತಿತ್ತು. ಅವಳ ಬೆರಳು ಅಭ್ಯಾಸದಿಂದ ಪ ಅಕ್ಷರಕ್ಕೆ ಹೋಗಿ ನಿಂತಿತು.

ಎಲ್ಮಾ ಪಕ್ಕದಲ್ಲಿ ಬಂದು ಕುಳಿತಳು. ಮಗುವಿನ ಮೈಯಲ್ಲಿ ಹೊಗೆಯ, ಸಿಹಿಗೆಣಸಿನ ವಾಸನೆ. ಜಡೆ ಒಂದು ಬಿಚ್ಚಿತ್ತು. ನೆರೋಲಿ ಫೋನನ್ನು ಮಡಿಲಲ್ಲಿ ಮಗುಚಿಟ್ಟು ಜಡೆಯನ್ನು ಕೈಗೆ ತೆಗೆದುಕೊಂಡಳು. ಎಲ್ಮಾಳ ಮೊಣಕಾಲ ಮೇಲೆ ಶಾಲೆಯ ಹಾಳೆ. ಚಿತ್ರದ ಜಾಗದಲ್ಲಿ ಏನೂ ಇರಲಿಲ್ಲ. ಅದರ ಮೇಲೆ ಕೆಂಪು ಜಿಪ್ಪನ್ನು ಉದ್ದಕ್ಕೆ ಇಟ್ಟುಕೊಂಡು ಎಳೆಯುತ್ತಿದ್ದಳು. ಸರ್ರ್. ತೆರೆಯುತ್ತಿದ್ದಳು.

ಎದುರಿಗೆ ನೀರಿನ ಅಂಚಿನಲ್ಲಿ ಗುವಾನ್ ನಿಂತಿದ್ದ. ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ. ಓಬೆಡ್‌ನ ಚಪ್ಪಲಿ ಅವನಿಗೆ ತುಂಬ ದೊಡ್ಡದು. ಹೆಜ್ಜೆ ಹಾಕಿದಾಗ ಹಿಮ್ಮಡಿಗೆ ಬಡಿಯುತ್ತಿತ್ತು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದ. ಪಾಮಾ ಇದ್ದದ್ದು ಅವನ ಬೆನ್ನಿನ ಕಡೆಗೆ. ಅಲೆಯೊಂದು ಬಂದು ಒಂದು ಚಪ್ಪಲಿಯನ್ನು ಕಾಲಿನಿಂದ ಎಳೆದುಕೊಂಡಿತು. ಅವನು ಗಮನಿಸಲಿಲ್ಲ. ನೀಲಿ ಚಪ್ಪಲಿ ತಿರುಗಿ, ಮುಂಭಾಗ ಸಮುದ್ರಕ್ಕೆ ಮಾಡಿ, ಮೆಲ್ಲಗೆ ಹೊರಟಿತು.

ಜಿಪ್ಪು ಅರ್ಧದಲ್ಲಿ ನಿಂತಿತು.

"ಅಮ್ಮ," ಎಂದಳು ಎಲ್ಮಾ, ತಿರುಗದೆ. "ಆ ತಾತನಿಗೆ ಪಾಮಾ ಅಂತ ನೀನೇ ಬರೆದುಕೊಟ್ಟೆ ಅಲ್ವಾ?"

"ಹ್ಞೂಂ."

"ಹಾಗಾದ್ರೆ ಅಲ್ಲಿ, ಪಪ್ಪನಿಗೆ ಊರು ಬರೆದುಕೊಡೋರು ಯಾರು?"